ಪಾಲಿಕೆ ಕಂಬಕ್ಕೆ ಯಾವ ಬಾವುಟ? ವಕೀಲರನ್ನು ಕೇಳಿ

ಅಡ್ಮಿನ್: ಮುಂಬೈ ಕನ್ನಡಿಗರೇ, ನವೆಂಬರ್ 1 ಹತ್ತಿರ ಬಂತು. ಬಾವುಟದ ಬಗ್ಗೆ ಏನೇ ಸಂಶಯ ಇದ್ದರೂ ಇಲ್ಲೇ ಕೇಳಿ. ನಮ್ಮ ಬಳಗದ ವಕೀಲರು ಉತ್ತರಿಸುತ್ತಾರೆ.

ಡೊಂಬಿವಲಿ ಸದಸ್ಯ: ಸರ್, ಮನೆ ಮೇಲಿನ ರಾಷ್ಟ್ರಧ್ವಜ ರಾತ್ರಿ ಇಳಿಸಲೇಬೇಕಾ?

ವಕೀಲರು: ಬೇಕಿಲ್ಲ. 2022ರ ಜುಲೈನಲ್ಲಿ ನಿಯಮ ಬದಲಾಯಿತು. ಹಗಲು ರಾತ್ರಿ ಹಾರಿಸಬಹುದು.

ಮುಲುಂಡ್ ಸದಸ್ಯೆ: ನಮ್ಮ ಮಕ್ಕಳ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಬಾವುಟ ಏರಿಸೋಣ ಅಂತ ಪೋಷಕರ ಆಸೆ. ಅಂಗಳದಲ್ಲಿ ಕಂಬ ಹೇಗೂ ಇದೆ. ಹೆಡ್‌ಮಾಸ್ಟರ್ ಅರ್ಧ ಒಪ್ಪಿದ್ದಾರೆ. ತ್ರಿವರ್ಣಕ್ಕಿಂತ ಒಂದು ಅಡಿ ಕೆಳಗೆ ಕಟ್ಟಿದರೆ ಸಾಕು ಅಂತ ಒಂದು ಫಾರ್ವರ್ಡ್ ಬಂದಿದೆ. ಹೌದಾ ಸರ್?

ವಕೀಲರು: ಆ ಫಾರ್ವರ್ಡ್ ಮೊದಲು ಅಳಿಸಿ ಅಕ್ಕ. ರಾಷ್ಟ್ರಧ್ವಜ ಹಾರುವ ಕಂಬಕ್ಕೆ ಇನ್ನೊಂದು ಬಾವುಟ ಕಟ್ಟುವ ಹಾಗೇ ಇಲ್ಲ. ಒಂದು ಅಡಿ ಕೆಳಗೂ ಇಲ್ಲ, ಹತ್ತು ಅಡಿ ಕೆಳಗೂ ಇಲ್ಲ. ಅದನ್ನು ಬರೆದವರು 2002ರ ಧ್ವಜಸಂಹಿತೆ ಕಣ್ಣಲ್ಲೂ ನೋಡಿಲ್ಲ. ಪಕ್ಕದಲ್ಲಿ ಸಮಸಮ ಇನ್ನೊಂದು ಕಂಬ ನೆಟ್ಟರೂ ತಪ್ಪೇ.

ಸರಿ, ಆ ದಿನ ತ್ರಿವರ್ಣ ಇರುವುದಿಲ್ಲ ಅಂತಿಟ್ಟುಕೊಳ್ಳಿ. ಅಸಲಿ ತೊಡಕು ಆಗಲೇ. ಕಂಬ ಪಾಲಿಕೆಯದು. ಅಲ್ಲಿ ಬಾವುಟ ಏರಿದರೆ ಅದು ನಿಮ್ಮ ಮಾತು ಅಂತ ಲೆಕ್ಕವಾ, ಪಾಲಿಕೆಯೇ ಆಡಿದ ಮಾತು ಅಂತಾ? ಅಮೆರಿಕದ ಬಾಸ್ಟನ್ ನಗರ ಇದರಲ್ಲೇ ಸಿಕ್ಕಿಬಿತ್ತು. ನಗರಾಡಳಿತದ ಕಚೇರಿ ಎದುರು ಮೂರು ಕಂಬ. ಮೂರನೆಯದನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರು. 2005ರಿಂದ 2017ರವರೆಗೆ 284 ಸಲ. ಆಮೇಲೆ ಒಬ್ಬರು ಕ್ರೈಸ್ತ ಬಾವುಟ ತಂದರು, ಅದಕ್ಕೆ ಮಾತ್ರ ಆಗಲ್ಲ ಅಂದರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ನಗರದ್ದೇ ತಪ್ಪು ಎಂದರು. ಎಲ್ಲರಿಗೂ ಬಿಟ್ಟ ಕಂಬದಿಂದ ಧರ್ಮ ನೋಡಿ ಒಬ್ಬರನ್ನು ತಡೆಯುವಂತಿಲ್ಲ ಅಂತ.

ಆ ತೀರ್ಪು ಮುಂಬೈಗೆ ಅನ್ವಯಿಸದು. ಆದರೆ ನಾಳೆ ಬೇರೆ ಯಾರೋ ಬೇರೆ ಬಾವುಟ ಹಿಡಿದು ಅದೇ ಶಾಲೆ ಗೇಟಿಗೆ ಬಂದರೆ ಹೆಡ್‌ಮಾಸ್ಟರ್ ಏನು ಹೇಳಬೇಕು? ನನಗೆ ಚಿಂತೆ ಅವರದ್ದೇ. ಬಾಯಿಮಾತಿನ ಒಪ್ಪಿಗೆ ನಂಬಿ ಅವರ ನೌಕರಿಗೆ ಕುತ್ತು ತರಬೇಡಿ. ಪಾಲಿಕೆ ಶಿಕ್ಷಣ ವಿಭಾಗಕ್ಕೆ ಪತ್ರ ಕೊಡಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ. ಇಲ್ಲವಾ, ಸಂಘದ ಹಾಲ್‌ನಲ್ಲಿ ಏರಿಸಿ.

ಘಾಟ್ಕೋಪರ್ ಸದಸ್ಯ: ಕನ್ನಡ ಬಾವುಟಕ್ಕೂ ಅರ್ಜಿಯಾ ಮಾರಾಯ್ರೆ? ಕರ್ನಾಟಕ ಸರ್ಕಾರವೇ ಒಪ್ಪಿದ್ದಲ್ವಾ?

ವಕೀಲರು: 2018ರಲ್ಲಿ ಸಂಪುಟ ಒಪ್ಪಿದ್ದು ಹಳದಿ-ಬಿಳಿ-ಕೆಂಪು, ನಡುವೆ ಗಂಡಭೇರುಂಡ. ಅದಕ್ಕೂ ಕೇಂದ್ರದ ಒಪ್ಪಿಗೆ ಸಿಗಲಿಲ್ಲ.

ಠಾಣೆ ಸದಸ್ಯ: 2020ರ ಡಿಸೆಂಬರಿನಲ್ಲಿ ಬೆಳಗಾವಿ ಪಾಲಿಕೆ ಎದುರೇ ಹಳದಿ-ಕೆಂಪು ಏರಿಸಿದರಲ್ರೀ. ಯಾರ ಅರ್ಜಿ ಕಾದರು?

ಘಾಟ್ಕೋಪರ್ ಸದಸ್ಯ: ಅದು ಬೆಳಗಾವಿ. ಇಲ್ಲಿ ಗಲಾಟೆ ಆದರೆ ಒಡೆಯೋದು ನನ್ನ ಹೋಟೆಲಿನ ಗಾಜು.

ಠಾಣೆ ಸದಸ್ಯ: ಅಷ್ಟು ಹೆದರಿಕೆ ಇದ್ದರೆ ಬಾಗಿಲು ಹಾಕಿಕೊಂಡು ಆಚರಿಸಿ.

ಘಾಟ್ಕೋಪರ್ ಸದಸ್ಯ: ಸಂಬಳದವರಿಗೆ ಮಾತು ಸುಲಭ.

ಚೆಂಬೂರ್ ಸದಸ್ಯ: ಸರ್, ಕಾರಿನ ಬಾನೆಟ್ ಮೇಲೆ ಸಣ್ಣ ತ್ರಿವರ್ಣ ಹಾಕಬಹುದಾ?

ಪನವೇಲ್ ಸದಸ್ಯ: ರಾತ್ರಿ ಧ್ವಜ ಇಳಿಸಬೇಕಾ ಸರ್?

ವಕೀಲರು: ಮೇಲೆ ನೋಡಿ.

ವಸಾಯಿ ಸದಸ್ಯೆ: ಹರಿದ ರಾಷ್ಟ್ರಧ್ವಜವನ್ನು ಸಮುದ್ರಕ್ಕೆ ಬಿಡಬೇಕು ಅಂತ ಫಾರ್ವರ್ಡ್ ಬಂದಿದೆ.

ವಕೀಲರು: ಇದೇನು ಗಣಪತಿ ವಿಸರ್ಜನೆಯಾ? ಯಾರ ಎದುರೂ ಅಲ್ಲದೆ, ಗೌರವದಿಂದ, ಪೂರ್ತಿ ಸುಡಿ. ಇನ್ನು ಫಾರ್ವರ್ಡ್‌ಗೆಲ್ಲ ನಾನು ಉತ್ತರ ಕೊಡಲ್ಲ.

ಮುಲುಂಡ್ ಸದಸ್ಯೆ: ಮಕ್ಕಳ ಕೈಗೆ ಸಣ್ಣ ಹಳದಿ-ಕೆಂಪು ಬಾವುಟ ಕೊಟ್ಟರೆ?

ವಕೀಲರು: ಕೊಡಿ. ಶಾಲೆ ಒಳಗಾದರೆ ಹೆಡ್‌ಮಾಸ್ಟರ್‌ಗೆ ಒಂದು ಮಾತು ಹೇಳಿ.

ಠಾಣೆ ಸದಸ್ಯ: ಅದಕ್ಕೂ ಅರ್ಜಿ ಬೇಕಾ ವಕೀಲರೇ?