ಅಪ್‌ಡೇಟ್: ಸುಪರ್ಬ್ ಮ್ಯಾನುವಲ್ಲೇ ಫೈನಲ್

ಕಲಬುರಗಿಯಲ್ಲಿ ಓಡಿಸಲು ಸೆಕೆಂಡ್‌ಹ್ಯಾಂಡ್ ಸ್ಕೋಡಾ ಸುಪರ್ಬ್ 1.8 ಟಿಎಸ್‌ಐ ಮ್ಯಾನುವಲ್ ತಗೋಬೇಕಾ, ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ತಗೋಬೇಕಾ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಶರಣ್ರೀ. ಮ್ಯಾನುವಲ್‌ಗೇ ಅಡ್ವಾನ್ಸ್ ಕೊಟ್ಟಾಯ್ತು.

ಎಂಜಿನ್ ಎರಡರಲ್ಲೂ ಒಂದೇ, 180 ಪಿಎಸ್. ಆದರೆ ಡಿಎಸ್‌ಜಿಯ ಡ್ರೈ ಕ್ಲಚ್ (ತಂಪಿಗೆ ಆಯಿಲ್ ಇಲ್ಲದ ಕ್ಲಚ್) ತಡೆಯೋದು 250 ಎನ್‌ಎಂ ಟಾರ್ಕ್, ಅಂದ್ರೆ ಎಂಜಿನ್ ತಿರುಗಿಸುವ ಬಲ, ಮಾತ್ರ. ಅದಕ್ಕೇ ಅದರಲ್ಲಿ ಟಾರ್ಕ್ ಅಷ್ಟಕ್ಕೇ ಕಟ್ಟಿದ್ದಾರೆ. ಮ್ಯಾನುವಲ್‌ನಲ್ಲಿ ಪೂರಾ 320. ಮೇ ಬಿಸಿಲಲ್ಲಿ ಸೂಪರ್ ಮಾರ್ಕೆಟ್ ಕಡೆ ಗಾಡಿ ತೆವಳುವಾಗ ಆ ಡ್ರೈ ಕ್ಲಚ್ ಬಿಸಿಯಾಗೋದೇ ದೊಡ್ಡ ತಲೆನೋವು.

ನೀವು ಹೇಳಿದ ಕ್ಲಚ್ ಟೆಸ್ಟ್ ಮಾಡಿಸಿದೆ. ನಾಲ್ಕನೇ ಗೇರ್, 50ರ ವೇಗ, ಎಕ್ಸಲರೇಟರ್ ಪೂರ್ತಿ ಒತ್ತೋದು. ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡ್ ಏರದಿದ್ದರೆ ಪ್ಲೇಟ್ ಸವೆದಿದೆ ಅಂತ ಅರ್ಥ. ಇಲ್ಲಿ ಎರಡೂ ಕೂಡಿಯೇ ಏರಿದವು. ಆದರೆ ಎಂಜಿನ್ ಆಫ್ ಮಾಡಿದಾಗ ಕೆಳಗಿನಿಂದ ಖಡಖಡ ಸದ್ದು. ಕ್ಲಚ್ ಒತ್ತಿ ಹಿಡಿದರೆ ಆ ಸದ್ದು ಬದಲಾಗುತ್ತೆ. ಡ್ಯುಯಲ್ ಮಾಸ್ ಫ್ಲೈವ್ಹೀಲ್ (ಎಂಜಿನ್ ನಡುಕ ತಡೆಯೋ, ನಡುವೆ ಸ್ಪ್ರಿಂಗ್ ಇರೋ ಎರಡು ಭಾಗದ ಚಕ್ರ) ಸಡಿಲಾದ ಲಕ್ಷಣ ಇದು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಫ್ಲೈವ್ಹೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ನಾಲ್ಕೂ ಒಟ್ಟಿಗೇ ಹಾಕಿಸಬೇಕು, ಇಲ್ಲಾಂದ್ರೆ ಲೇಬರ್ ಎರಡು ಸಲ ದಂಡ. ಆ ಖರ್ಚನ್ನು ರೇಟಿನಲ್ಲೇ ಕಳೆಸಿದ್ದೀನಿ.

ಥರ್ಮೋಸ್ಟಾಟ್ ಹೌಸಿಂಗ್ ಸುತ್ತ ಕೂಲಂಟ್ (ಎಂಜಿನ್ ತಂಪಿಡೋ ದ್ರವ) ಸೋರಿದ ಕಲೆ ಇಲ್ಲ, ಅದು ಸಮಾಧಾನ.