ಪುಸ್ತಕದ ಬೆಕ್ಕು ಬರುತ್ತದೆ, ಮನೆಯ ತಂಬಿಗೆ ಬರುವುದಿಲ್ಲ: ಚಿತ್ರ ಕಲಿಯಲು ಎಂಥ ಪುಸ್ತಕ ಕೊಳ್ಳಬೇಕು?

ಪ್ರಶ್ನೆ: ಬಾಗಲಕೋಟೆ ನವನಗರದಿಂದ

ಎಲ್ಲರಿಗೂ ನಮಸ್ಕಾರ. ನನಗೀಗ 34 ವರ್ಷ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ಕುಳಿತಿದ್ದೆ. ಆಮೇಲೆ ಓದು, ನೌಕರಿ, ಸಂಸಾರವೆಂದು ಕೆಳಗಿಟ್ಟ ಪೆನ್ಸಿಲನ್ನು ಎರಡು ವರ್ಷದ ಹಿಂದೆ ಮತ್ತೆ ಕೈಗೆತ್ತಿಕೊಂಡೆ. ಕಚೇರಿ ಮುಗಿಸಿ ಯಾರ ಬಳಿಯಾದರೂ ಹೋಗಿ ಕಲಿಯುವ ಅನುಕೂಲ ಇಲ್ಲದ್ದರಿಂದ ಪುಸ್ತಕಗಳನ್ನೇ ನೆಚ್ಚಿಕೊಂಡು ಇದುವರೆಗೆ ನಾಲ್ಕು ತರಿಸಿದ್ದೇನೆ. ನಾಲ್ಕರಲ್ಲೂ ಕ್ರಮ ಒಂದೇ: ಮೊದಲು ಒಂದು ವೃತ್ತ, ಅದರ ಮೇಲೆ ಸಣ್ಣದೊಂದು ವೃತ್ತ, ಎರಡು ಕಿವಿ, ಐದನೆಯ ಹಂತಕ್ಕೆ ತುಪ್ಪಳದ ಸಮೇತ ಬೆಕ್ಕು. ಆ ಬೆಕ್ಕನ್ನು ನಾನು ಚೆನ್ನಾಗಿಯೇ ತೆಗೆಯುತ್ತೇನೆ. ಆದರೆ ಕಳೆದ ವಾರ ಅಡುಗೆಮನೆಯ ಕಟ್ಟೆಯ ಮೇಲಿದ್ದ ಹಿತ್ತಾಳೆ ತಂಬಿಗೆಯನ್ನು ನೋಡಿ ಬರೆಯಲು ಕುಳಿತರೆ ಒಂದು ಗಂಟೆಯಾದರೂ ಅದು ತಂಬಿಗೆಯಾಗಲಿಲ್ಲ. ಬಾಯಿ ಒಂದು ಕಡೆಗೆ, ತಳ ಇನ್ನೊಂದು ಕಡೆಗೆ ತಿರುಗಿಕೊಂಡಿತು. ಐದನೆಯ ಪುಸ್ತಕ ಕೊಳ್ಳುವ ಮೊದಲು ಕೇಳುತ್ತಿದ್ದೇನೆ, ಒಳ್ಳೆಯ ಪುಸ್ತಕವನ್ನು ಗುರುತಿಸುವುದು ಹೇಗೆ? ಇಂಗ್ಲಿಷ್ ನಿಧಾನವಾಗಿ ಓದಬಲ್ಲೆ.

ಉತ್ತರ: ವಿಜಯಪುರದ ನಿವೃತ್ತ ಚಿತ್ರಕಲಾ ಶಿಕ್ಷಕ

ತಮ್ಮಾ, ಮೊದಲು ನಿಮ್ಮ ತಂಬಿಗೆಯ ವಿಷಯ. ಅದರ ತಳವನ್ನು ನೀವು ಸರಳರೇಖೆಯಾಗಿ ಎಳೆದಿರಬೇಕು. ತಂಬಿಗೆ ಕಟ್ಟೆಯ ಮೇಲೆ ಸಮವಾಗಿ ಕುಳಿತಿದೆ ಎಂಬುದು ನಿಮಗೆ ಗೊತ್ತಿದೆ, ಹಾಗಾಗಿ ಗೊತ್ತಿರುವುದನ್ನೇ ಕೈ ಬರೆಯಿತು. ಕಾಣುವುದು ಬೇರೆ. ಬಾಯಿ ದುಂಡಗಿದ್ದರೂ ಓರೆಯಿಂದ ನೋಡುವಾಗ ಅದು ಚಪ್ಪಟೆಯಾದ ಅಂಡಾಕಾರವಾಗುತ್ತದೆ. ತಳವು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಇನ್ನೂ ಕೆಳಗಿರುವುದರಿಂದ ಅದರ ಅಂಚು ಬಾಯಿಯ ಅಂಚಿಗಿಂತ ಹೆಚ್ಚು ಬಾಗಿ ಕಾಣಬೇಕು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಈ ತಪ್ಪು ಮಾಡದೆ ಮುಂದೆ ಹೋದ ಹುಡುಗನನ್ನು ನಾನು ಕಂಡಿಲ್ಲ.

ಇದರಿಂದಲೇ ಪುಸ್ತಕದ ಪರೀಕ್ಷೆಯೂ ಹೊರಡುತ್ತದೆ. ಅಂಗಡಿಯಲ್ಲಿ ಪುಸ್ತಕದ ನಡುವಿನ ಯಾವುದಾದರೂ ಪುಟ ತೆರೆದು, ಅದು ತನ್ನನ್ನು ನೋಡು ಎನ್ನುತ್ತದೆಯೋ, ತನ್ನನ್ನು ಮುಚ್ಚಿಟ್ಟು ಎದುರಿನ ವಸ್ತುವನ್ನು ನೋಡು ಎನ್ನುತ್ತದೆಯೋ ಎಂದು ಗಮನಿಸಿರಿ. ಮೊದಲನೆಯ ಬಗೆಯದು ಲೇಖಕರ ಬೆಕ್ಕನ್ನು ಮಾತ್ರ ಕಲಿಸುತ್ತದೆ. ಎರಡನೆಯ ಬಗೆಗೆ ಉತ್ತಮ ಉದಾಹರಣೆ 1941ರಲ್ಲಿ, ಲೇಖಕರು ತೀರಿಕೊಂಡ ಮೇಲೆ ಪ್ರಕಟವಾದ ಕಿಮೋನ್ ನಿಕೊಲೈಡಿಸ್ ಅವರ ‘ದಿ ನ್ಯಾಚುರಲ್ ವೇ ಟು ಡ್ರಾ’. ಅದರ ಮೊದಲ ಅಭ್ಯಾಸದಲ್ಲೇ ಕಾಗದವನ್ನು ನೋಡುವಂತಿಲ್ಲ. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆಯಂತೆ ನಿಧಾನವಾಗಿ ಸಾಗಬೇಕು, ಪೆನ್ಸಿಲ್ ಆ ಅಂಚನ್ನೇ ಮುಟ್ಟುತ್ತಿದೆ ಎಂದು ಮನಸ್ಸಿಗೆ ಅನಿಸಬೇಕು. ಚಿತ್ರ ವಿಕಾರವಾಗಿ ಬರುತ್ತದೆ, ಬರಲಿ. ಆದರೆ ಆ ಪುಸ್ತಕವನ್ನು ಪೂರ್ತಿ ಅನುಸರಿಸಲು ಒಂದೊಂದು ಪಾಠಪಟ್ಟಿಗೆ 15 ಗಂಟೆಯಂತೆ 25 ಪಟ್ಟಿಗಳಿವೆ, ಅದೂ ಬಹುಪಾಲು ಎದುರಿಗೆ ಕುಳಿತ ಮನುಷ್ಯರನ್ನು ನೋಡಿ ಬರೆಯುವಂಥದ್ದು. ಸಂಸಾರಸ್ಥರಿಗೆ ಅದು ಭಾರವೇ ಸರಿ.

ತಂಬಿಗೆಯ ತೊಂದರೆಗೆ ನೇರ ಮದ್ದು ಬೇಕೆಂದರೆ ಅರ್ನೆಸ್ಟ್ ನಾರ್ಲಿಂಗ್ ಅವರ ‘ಪರ್ಸ್‌ಪೆಕ್ಟಿವ್ ಮೇಡ್ ಈಸಿ’ (1939) ತರಿಸಿಕೊಳ್ಳಿರಿ. ಸಣ್ಣ ಪುಸ್ತಕ, ಸರಳ ಭಾಷೆ, ಕಣ್ಣಿನ ಮಟ್ಟ ಎಂಬ ಒಂದೇ ಮಾತಿನಿಂದ ಆರಂಭವಾಗುತ್ತದೆ. ಅದನ್ನು ಓದಿ ಒಂದು ಭಾನುವಾರ ನಮ್ಮೂರಿಗೆ ಬಂದು ಗೋಳಗುಮ್ಮಟದ ಮುಂದಿನ ಹುಲ್ಲಿನ ಮೇಲೆ, ಕಟ್ಟಡದ ಒಂದು ಮೂಲೆ ನಿಮ್ಮತ್ತ ಬರುವಂತೆ ಕುಳಿತುಕೊಳ್ಳಿರಿ. 1656ರ ಆ ಕಟ್ಟಡದ ಮೂಲೆಗಳಲ್ಲಿರುವ ಅಷ್ಟಕೋನದ ಗೋಪುರಗಳಿಗೆ ಏಳೇಳು ಅಂತಸ್ತು. ಕೆಳಗಿನ ಅಂತಸ್ತಿನ ಗೆರೆ ಬಹುತೇಕ ಮಟ್ಟವಾಗಿ, ಮೇಲಕ್ಕೆ ಹೋದಂತೆ ಒಂದೊಂದೂ ಹಿಂದಿನದಕ್ಕಿಂತ ಹೆಚ್ಚು ಇಳಿಜಾರಾಗಿ ಕಾಣುವುದನ್ನು ಅಲ್ಲಿ ಎಣಿಸಿಯೇ ನೋಡಬಹುದು. ಯಾವ ಪುಸ್ತಕದ ಆಕೃತಿಯೂ ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಲಾರದು.

ಉತ್ತರ: ಬೆಳಗಾವಿಯ ಟಿಳಕವಾಡಿಯಿಂದ

ಗುರುಗಳೇ, ನಿಮ್ಮ ಪರೀಕ್ಷೆಯನ್ನು ಒಪ್ಪುತ್ತೇನೆ, ಆದರೆ ನಕಲು ಮಾಡುವುದೇ ದಂಡ ಎಂಬ ಅರ್ಥ ಬಂದೀತೆಂದು ಒಂದು ಮಾತು ಸೇರಿಸುತ್ತೇನೆ. ವಿನ್ಸೆಂಟ್ ವ್ಯಾನ್ ಗಾಗ್ 1880ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಚಿತ್ರಕಾರನಾಗಲು ನಿಶ್ಚಯಿಸಿದಾಗ ಫ್ರೆಂಚ್ ಚಿತ್ರಕಾರ ಶಾರ್ಲ್ ಬಾರ್ಗ್ ಅವರ ಅಭ್ಯಾಸಫಲಕಗಳನ್ನು, ಅಂದರೆ ನೋಡಿ ಬರೆಯಲೆಂದೇ ಅಚ್ಚಾದ ಮಾದರಿ ಚಿತ್ರಗಳನ್ನು, ನಕಲು ಮಾಡಿಯೇ ಕೈ ಪಳಗಿಸಿಕೊಂಡರು. ಬೆಕ್ಕಿನ ಪುಸ್ತಕ ಸೂತ್ರವನ್ನು ಕೊಡುತ್ತದೆ. ಬಾರ್ಗ್ ಅವರ ಫಲಕದಲ್ಲಿ ಪ್ರತಿಯೊಂದು ಕೋನವನ್ನೂ, ನೆರಳಿನ ಗಡಿಯನ್ನೂ ಅಳೆದು ತಾಳೆ ನೋಡಬೇಕಾಗುತ್ತದೆ. ಅಂಥ ನಕಲು ಕಣ್ಣಿಗೆ ವ್ಯಾಯಾಮ.

ನಾನೂ ಪುಸ್ತಕದಿಂದಲೇ ಕಲಿತವಳು, ಮದುವೆಯಾಗಿ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ. ನಮ್ಮೂರಲ್ಲೇ ಹುಟ್ಟಿದ ಚಿತ್ರಕಾರ ರವಿ ಪರಾಂಜಪೆ ಅವರಿಗೆ ಕೆ.ಬಿ. ಕುಲಕರ್ಣಿಯವರಂಥ ಗುರುಗಳು ಸಿಕ್ಕಿದ್ದರು. ಗುರು ಹಿಂದೆ ನಿಂತು ಭುಜ ಇಳಿಜಾರಾಯಿತು ಎಂದು ತೋರಿಸುತ್ತಾನೆ. ಪುಸ್ತಕ ನಿಮ್ಮ ಚಿತ್ರವನ್ನು ನೋಡಲಾರದು. ಆದ್ದರಿಂದ ನಿಮ್ಮ ತಪ್ಪನ್ನು ನೀವೇ ಹಿಡಿಯುವ ಉಪಾಯ ಎಷ್ಟು ಹೇಳಿಕೊಟ್ಟಿದೆ ಎಂಬುದೇ ನನ್ನ ಅಳತೆಗೋಲು: ಕೈ ಪೂರ್ತಿ ಚಾಚಿ ಪೆನ್ಸಿಲಿನಿಂದ ಅಳೆಯುವುದು, ಚಿತ್ರವನ್ನು ಕನ್ನಡಿಯಲ್ಲಿ ನೋಡುವುದು, ತಂಬಿಗೆಯ ಬದಲು ಅದರ ಪಕ್ಕದ ಖಾಲಿ ಜಾಗದ ಆಕಾರವನ್ನು ಬರೆಯುವುದು. ಬೆಟ್ಟಿ ಎಡ್ವರ್ಡ್ಸ್ ಅವರ 1979ರ ‘ಡ್ರಾಯಿಂಗ್ ಆನ್ ದಿ ರೈಟ್ ಸೈಡ್ ಆಫ್ ದಿ ಬ್ರೇನ್’ನಲ್ಲಿ ಖಾಲಿ ಜಾಗದ ಅಭ್ಯಾಸವೂ, ಚಿತ್ರವನ್ನು ತಲೆಕೆಳಗಾಗಿಟ್ಟು ಬರೆಯುವ ಅಭ್ಯಾಸವೂ ಇವೆ. ಚಿತ್ರ ಬರೆಯುವುದು ಮಿದುಳಿನ ಬಲಭಾಗದ ಕೆಲಸ ಎಂಬ ಸಿದ್ಧಾಂತವನ್ನು ಅದು ಹೇಳುವಷ್ಟು ಸರಳವಾಗಿ ಇಂದಿನ ವಿಜ್ಞಾನ ಒಪ್ಪುವುದಿಲ್ಲ, ಆ ಪುಟಗಳನ್ನು ಬಿಟ್ಟು ಅಭ್ಯಾಸಗಳನ್ನಷ್ಟೇ ಮಾಡಿರಿ. ಅಮೆರಿಕದ ಚಿತ್ರಕಾರ ಆಂಡ್ರ್ಯೂ ಲೂಮಿಸ್ ಅವರ ಪುಸ್ತಕಗಳನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಮನುಷ್ಯಾಕೃತಿಯ ಅವರ ಪುಸ್ತಕವನ್ನು ನಾನು ಮೊದಲೇ ಕೊಂಡು ಎದೆಗುಂದಿ ಆರು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ತಂಬಿಗೆ ಸರಿಯಾಗಿ ಕುಳಿತ ಮೇಲೆ ಅದು ಬರಲಿ.

ಖರ್ಚಿಲ್ಲದೆ ಆರಂಭಿಸಬೇಕೆಂದರೆ ಹೆರಾಲ್ಡ್ ಸ್ಪೀಡ್ ಅವರ 1913ರ ‘ದಿ ಪ್ರಾಕ್ಟೀಸ್ ಅಂಡ್ ಸೈನ್ಸ್ ಆಫ್ ಡ್ರಾಯಿಂಗ್’ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿದೆ. ಭಾಷೆ ಹಳೆಯದು, ನಿಧಾನವಾಗಿ ಓದಬೇಕು.

ಮರುಪ್ರಶ್ನೆ: ಬಾಗಲಕೋಟೆ ನವನಗರದಿಂದ

ಗುರುಗಳೇ, ಅಕ್ಕಾವರೇ, ಇಬ್ಬರಿಗೂ ಋಣಿ. ನಿನ್ನೆ ರಾತ್ರಿ ತಳದ ಅಂಚನ್ನು ಬಾಗಿಸಿ, ಪಕ್ಕದ ಖಾಲಿ ಜಾಗವನ್ನೂ ನೋಡಿ ಬರೆದೆ. ಕುತ್ತಿಗೆ ಇನ್ನೂ ದಪ್ಪವಿದೆ, ಆದರೆ ತಂಬಿಗೆ ಕಟ್ಟೆಯ ಮೇಲೆ ಕುಳಿತಿದೆ. ನಾರ್ಲಿಂಗ್ ಅವರ ಪುಸ್ತಕ ಒಂದನ್ನೇ ತರಿಸುತ್ತೇನೆ. ಒಂದು ಸಂಶಯ: ಈ ಅಭ್ಯಾಸದಲ್ಲಿ ರಬ್ಬರ್ ಬಳಸಬಹುದೇ?

ಉತ್ತರ: ವಿಜಯಪುರದ ನಿವೃತ್ತ ಚಿತ್ರಕಲಾ ಶಿಕ್ಷಕ

ಮೊದಲ ಎರಡು ತಿಂಗಳು ಬೇಡ. ತಪ್ಪಿದ ಗೆರೆಯನ್ನು ಹಾಗೆಯೇ ಬಿಟ್ಟು ಅದರ ಪಕ್ಕದಲ್ಲೇ ಸರಿಯಾದದ್ದನ್ನು ಎಳೆಯಿರಿ. ಎಷ್ಟು ತಪ್ಪಿತ್ತು, ಯಾವ ಕಡೆಗೆ ತಪ್ಪಿತ್ತು ಎಂಬುದು ಆಗ ಕಾಗದದ ಮೇಲೆ ಉಳಿಯುತ್ತದೆ. 2ಬಿ ಪೆನ್ಸಿಲ್ ಮತ್ತು ಅಗ್ಗದ ನ್ಯೂಸ್‌ಪ್ರಿಂಟ್ ಹಾಳೆ ಸಾಕು. ಕುತ್ತಿಗೆಯ ಅಗಲ ತಂಬಿಗೆಯ ಹೊಟ್ಟೆಯ ಅಗಲದಲ್ಲಿ ಎಷ್ಟು ಪಾಲು ಎಂದು ಚಾಚಿದ ಪೆನ್ಸಿಲಿನಿಂದ ಅಳೆದು, ನಾಳೆ ಅದನ್ನೇ ಮತ್ತೆ ಬರೆಯಿರಿ.