47ರಲ್ಲಿ ಹಡಗಿನ ಮಾದರಿ ಕಟ್ಟಲು ಶುರು: ಮೊದಲ ಕಿಟ್ ಯಾವುದು, ಅಂಟು ಯಾವುದು?

ಪ್ರಶ್ನೆ (ಡೊಂಬಿವಲಿ):
ನಮಸ್ಕಾರ. ವಯಸ್ಸು 47, ಚಾಳೀಸು ಬಂದಿದೆ, ಮರಗೆಲಸ ಗೊತ್ತಿಲ್ಲ. ದಿನಕ್ಕೆ ಒಂದು ಗಂಟೆ ಬಿಡುವು, ಜಾಗ ಊಟದ ಟೇಬಲ್ಲಿನ ಒಂದು ಮೂಲೆ. 1817ರಲ್ಲಿ ಇಲ್ಲೇ ಮುಂಬೈಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ಟ್ರಿಂಕೋಮಲೀ ಥರದ ಮೂರು ಕೂವೆಯ (ಹಾಯಿಕಂಬದ) ಹಡಗು ಮಾಡಬೇಕೆಂಬ ಆಸೆ. ನೇರವಾಗಿ ಅದಕ್ಕೇ ಕೈ ಹಾಕಬಹುದೇ?

ಉತ್ತರ 1 (ಪುಣೆ):
ಬೇಡ ಸರ್. ಮೂರು ಕೂವೆ ಅಂದರೆ ನೂರಾರು ಗಂಟು, ಸಾಲುಸಾಲು ಫಿರಂಗಿ. ಹೊಸಬರ ಕಿಟ್ ಅರ್ಧಕ್ಕೇ ಅಟ್ಟ ಸೇರುವುದು ಅಲ್ಲೇ. ಮಾಡೆಲ್ ಶಿಪ್‌ವೇಸ್ ಎಂಬ ಕಿಟ್ ಕಂಪನಿಯ ಆರಂಭಿಕರ ಸರಣಿಯಲ್ಲಿ ಮೂರು ದೋಣಿಗಳಿವೆ: 1:24ರ (ಅಂದರೆ ನಿಜವಾದ ದೋಣಿಯ 24ರಲ್ಲಿ ಒಂದು ಪಾಲು ಅಳತೆಯ) ಡೋರಿ, 1:12ರ ನಾರ್ವೇಜಿಯನ್ ಪ್ರಾಮ್, 1:24ರ ಲಾಬ್‌ಸ್ಟರ್ ಸ್ಮ್ಯಾಕ್. ಇದೇ ಕ್ರಮದಲ್ಲಿ ಮಾಡಿ. ಡೋರಿಯ ತಳ ಚಪ್ಪಟೆ, ಹಲಗೆಗಳು ಮೊದಲೇ ಕತ್ತರಿಸಿ ಬರುತ್ತವೆ. ಹಗ್ಗದ ಕೆಲಸ ಸ್ಮ್ಯಾಕ್‌ನಲ್ಲಿ ಕಲಿತರೆ ಸಾಕು.

ಉಪಕರಣಕ್ಕೆ ಹೆಚ್ಚು ಸುರಿಯಬೇಡಿ. 11ನೇ ನಂಬರ್ ಬ್ಲೇಡಿನ ಚಾಕು, ಸ್ಟೀಲ್ ರೂಲರ್, 0.5ರಿಂದ 1 ಮಿ.ಮೀ. ಬಿಟ್ ಹಿಡಿದು ಕೈಯಲ್ಲೇ ತೂತು ಕೊರೆಯುವ ಪಿನ್ ವೈಸ್, ಚಿಮಟ, 120, 180, 240ರ ಉಜ್ಜುಕಾಗದ, ಎರಡು ಡಜನ್ ಬಟ್ಟೆ ಕ್ಲಿಪ್. ಸಣ್ಣ ಬಿಟ್, ಸೂಜಿ ಅರ ಬೇಕಾದರೆ ಅಕ್ಕಸಾಲಿಗರ ಸಾಮಾನಿನ ಅಂಗಡಿಗೆ ಹೋಗಿ.

ಉತ್ತರ 2 (ಮಾಟುಂಗಾ):
ಡೋರಿ ದಾಟಿ ಬಲ್ಕ್‌ಹೆಡ್ (ಹಡಗಿನ ಮೈಗೆ ಆಕಾರ ಕೊಡುವ ಅಡ್ಡ ಚೌಕಟ್ಟು) ಇರುವ ಹಡಗಿಗೆ ಬಂದಾಗ ಎಲ್ಲರೂ ಎಡವುವುದು ಅವುಗಳ ಮೇಲೆ ಮರದ ಪಟ್ಟಿ ಹೊದಿಸುವಲ್ಲಿ. ಮೊದಲು ಬಲ್ಕ್‌ಹೆಡ್‌ಗಳ ಅಂಚನ್ನು ಓರೆಯಾಗಿ ಉಜ್ಜಬೇಕು, ಮೂತಿಯ ಕಡೆ ಮುಂದಿನ ಅಂಚು, ಹಿಂಭಾಗದಲ್ಲಿ ಹಿಂದಿನ ಅಂಚು. ಒಂದು ಪಟ್ಟಿ ಹಾಸಿ ನೋಡಿ. ಎಲ್ಲ ಬಲ್ಕ್‌ಹೆಡ್‌ಗೂ ಅಂಚು ತುಂಬ ಅಂಟಿ ಕೂರುವವರೆಗೆ ಅಂಟಿನ ಡಬ್ಬಿ ಮುಟ್ಟಬೇಡಿ.

ಆಮೇಲೆ ಲೆಕ್ಕ. ನಡುವಿನ ಬಲ್ಕ್‌ಹೆಡ್‌ನ ಒಂದು ಬದಿಯ ಸುತ್ತಳತೆ 75 ಮಿ.ಮೀ., ಪಟ್ಟಿ 5 ಮಿ.ಮೀ. ಇದ್ದರೆ 15 ಪಟ್ಟಿ. ಮೂತಿಯಲ್ಲಿ 48 ಮಿ.ಮೀ. ಇದ್ದರೆ ಅಲ್ಲಿ ಪ್ರತಿ ಪಟ್ಟಿ 3.2ಕ್ಕೆ ಕಿರಿದಾಗಬೇಕು. ಅರ್ಧಕ್ಕಿಂತ, ಅಂದರೆ 2.5ಕ್ಕಿಂತ, ಕಿರಿದು ಮಾಡುವ ಹಾಗಾದರೆ ಒಂದು ಪಟ್ಟಿಯನ್ನು ಮಧ್ಯದಲ್ಲೇ ನಿಲ್ಲಿಸಿ. ಕಿರಿದುಗೊಳಿಸದೆ ಬಲವಂತವಾಗಿ ಬಗ್ಗಿಸಿದರೆ ಪಟ್ಟಿ ಮಗ್ಗುಲಾಗಿ ಎದ್ದು ಒಂದರ ಮೇಲೊಂದು ಏರುತ್ತದೆ.

ಉಗುರುಬೆಚ್ಚನೆ ನೀರಿನಲ್ಲಿ 20 ನಿಮಿಷ ನೆನೆಸಿ, ಜಾಗದಲ್ಲೇ ಕ್ಲಿಪ್ ಹಾಕಿ, ರಾತ್ರಿಯಿಡೀ ಒಣಗಿಸಿ, ಆಮೇಲೆ ಅಂಟಿಸಿ. ಒದ್ದೆಯಲ್ಲೇ ಅಂಟಿಸಿದರೆ ಒಣಗಿ ಕುಗ್ಗಿದಾಗ ಸಂದು ಬಿಡುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಕುತ್ತಾ ಹೋಗಿ, ಇಲ್ಲದಿದ್ದರೆ ಹಡಗಿನ ಬೆನ್ನೆಲುಬಾದ ಕೀಲ್ ಬಾಳೆಹಣ್ಣಿನಂತೆ ಬಾಗುತ್ತದೆ. ಆ ಬಾಗು ಮತ್ತೆ ನೇರವಾಗುವುದಿಲ್ಲ.

ಉತ್ತರ 3 (ಪಣಜಿ):
ಕರಾವಳಿಯವರಿಗೆ ಇನ್ನೊಂದು ಮಾತು. ಪಟ್ಟಿ ಹೊದಿಸುವುದನ್ನು ನವೆಂಬರ್‌ನಿಂದ ಮೇ ಒಳಗೆ ಮುಗಿಸಿ. ಜುಲೈಯಲ್ಲಿ ಉಬ್ಬಿದ ಮರ ಜನವರಿಯಲ್ಲಿ ಕುಗ್ಗಿದಾಗ ಗೆರೆಗೆರೆ ಕಾಣುತ್ತದೆ. ಮಳೆಗಾಲದಲ್ಲಿ ಫಿರಂಗಿ, ಲಂಗರು, ಸಣ್ಣ ದೋಣಿ ಮಾಡಿಕೊಳ್ಳಿ. ಉಳಿದ ಪಟ್ಟಿಗಳನ್ನು ಸಿಲಿಕಾ ಜೆಲ್ ಹಾಕಿದ ಚೀಲದಲ್ಲಿಡಿ.

ಅಂಟು ಬಿಳಿ ಫೆವಿಕಾಲ್ ಸಾಕು. ತಪ್ಪಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಬಿಡಿಸಿಕೊಳ್ಳಬಹುದು. ಫೆವಿಕ್ವಿಕ್‌ನಲ್ಲಿ ಆ ಅವಕಾಶ ಕಡಿಮೆ, ತೇವದ ಗಾಳಿಯಲ್ಲಿ ಅದರ ಆವಿ ಸುತ್ತಲಿನ ಮರದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಹಗ್ಗಕ್ಕೆ ಹತ್ತಿಯ ಬದಲು ಪಾಲಿಯೆಸ್ಟರ್ ದಾರ ಬಳಸಿ: ನೂಲು ಏಳುವುದಿಲ್ಲ, ಋತು ಬದಲಾದರೂ ಬಿಗಿ ಬದಲಾಗುವುದಿಲ್ಲ.

ಪ್ರಶ್ನೆ ಕೇಳಿದವರು (ಡೊಂಬಿವಲಿ):
ತುಂಬಾ ಉಪಕಾರವಾಯಿತು. ಕಣ್ಣಿಗೆ ಎಷ್ಟು ಪವರಿನ ಲೆನ್ಸ್?

ಉತ್ತರ 1 (ಪುಣೆ):
ತಲೆಗೆ ಕಟ್ಟುವ, 1.75 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ತೆಗೆದುಕೊಳ್ಳಿ, ಸುಮಾರು 35 ಸೆಂ.ಮೀ. ದೂರದಿಂದ ಕೆಲಸ ಮಾಡಬಹುದು. 3.5 ಪಟ್ಟು ತೋರಿಸುವುದಾದರೆ 10 ಸೆಂ.ಮೀ.ಗೆ ಬಾಗಬೇಕು, ಚಾಕು ಹಿಡಿದ ಕೈಗೆ ಜಾಗವೇ ಇರುವುದಿಲ್ಲ, ಕತ್ತೂ ನೋಯುತ್ತದೆ. ಚಾಳೀಸಿನ ಕನ್ನಡಕ ತೆಗೆಯದೆ ಮೇಲೆಯೇ ಹಾಕಿಕೊಳ್ಳಿ, ದೀಪ ಎಡಗಡೆಯಿಂದ ಬರಲಿ.